ಎರಡು ಸೀಟಿ

"ಇಳಿಸಬ್ಯಾಡ, ಇಳಿಸಬ್ಯಾಡ! ಮೊದ್ಲು ಅದು ಏನಂತ ಹೇಳು!"

ಜಗುಲಿಯ ಮೇಲಿಂದ ಕೂಗಿದವನು ಕೊಟ್ರೇಶ. ಗಿರಣಿಯಲ್ಲಿ ಜೋಳ ಬೀಸಿ ಆಗಷ್ಟೇ ಮನೆಗೆ ಬಂದಿದ್ದ ಅವನ ಹುಬ್ಬು, ಮೀಸೆಯೆಲ್ಲ ಹಿಟ್ಟು ಹಿಡಿದು ಬೆಳ್ಳಗಾಗಿದ್ದವು. ನಡುವೆ ಕಣ್ಣೆರಡು ಮಾತ್ರ ಕರ್ರಗೆ ಅರಳಿ ನಿಂತಿದ್ದವು. ಬಾಗಿಲ ಮುಂದೆ ಬಂದು ನಿಂತ ಲಗೇಜ್ ಆಟೋದ ಹಿಂಬದಿಯಲ್ಲಿ ಅವನ ಹೆಂಡತಿ ಯಶೋದಾ, ಸೀರೆಯ ಮೇಲಿನ ಕಂಡಕ್ಟರ್ ಖಾಕಿ ಕೋಟನ್ನೂ ಬಿಚ್ಚದೆ, ಕೈಗೆ ಹಗ್ಗ ಸುತ್ತಿಕೊಂಡು ಕೂತಿದ್ದಳು. ಹಗ್ಗದ ಇನ್ನೊಂದು ತುದಿಯಲ್ಲಿದ್ದ ಪ್ರಾಣಿ ಶ್ರೀರಾಂಪುರದ ಆ ಬೀದಿಯನ್ನು ಸಾವಕಾಶವಾಗಿ ನೋಡುತ್ತಿತ್ತು.

"ನಾಯಿ ಕಣ್ರಿ. ಇನ್ನೇನು, ಆನೆನಾ?"

"ನಾಯಿ ಇಷ್ಟ್ ದಪ್ಪ ಇರ್ತೈತೇನೇ?"

ಒಳಗಿಂದ ಅತ್ತೆ ಚಂದ್ರಕ್ಕ ಮೊರ ಹಿಡಿದುಕೊಂಡೇ ಹೊರಗೆ ಬಂದಳು. ಕಣ್ಣು ಕಿರಿದು ಮಾಡಿ ನೋಡಿ, "ಎಮ್ಮೆ ಕರ ತಂದೀಯಾ? ಒಂದ್ ಮಾತು ಹೇಳಿದ್ರೆ ಹಸಿ ಹುಲ್ಲಾದ್ರೂ ಕೊಯ್ಸಿರ್ತಿದ್ನಲ್ಲೇ ತಾಯಿ," ಎಂದಳು. ತಮಾಷೆಗೆ ಅಂದದ್ದಲ್ಲ, ಅವಳ ಒಂದು ಕಣ್ಣಿಗೆ ಪೊರೆ ಬಂದಿತ್ತು. ಆದರೂ ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಮಿರಮಿರ ಕರೀ ಮೈ, ಅಗಲವಾದ ತಲೆ, ಎದೆಗೂ ಕಾಲಿಗೂ ಬೆಲ್ಲದ ಬಣ್ಣ, ಹುಬ್ಬಿರಬೇಕಾದಲ್ಲಿ ಅದೇ ಬಣ್ಣದ ಎರಡು ಬೊಟ್ಟು. ಅದು ಬೊಗಳಲೂ ಇಲ್ಲ, ಬಾಲ ಆಡಿಸಲೂ ಇಲ್ಲ. ಯಶೋದಾ ಇಳಿದಳು, ಅದೂ ಇಳಿಯಿತು. ಬೀದಿಯ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು, ಕಿಟಕಿಗಳು ಒಂದೊಂದಾಗಿ ತೆರೆದುಕೊಂಡವು.

ಬಾಗಿಲು ಅರ್ಧ ಮಾತ್ರ ಮುಚ್ಚಿದವರು ಎದುರುಮನೆಯ ಶಿವಕುಮಾರಪ್ಪ ಮೇಷ್ಟ್ರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿ ರಿಟೈರಾದವರು. ಬೀದಿಯಲ್ಲಿ ನಲ್ಲಿ ಜಗಳದಿಂದ ಹಿಡಿದು ಮದುವೆ ಮಾತುಕತೆಯವರೆಗೆ ಕೊನೆಯ ಮಾತು ಅವರದೇ. ಉಳಿದರ್ಧ ಬಾಗಿಲಿನ ಸಂದಿಯಿಂದ ಊರುಗೋಲು ಹೊರಗೆ ಬಂತು, ಆಮೇಲೆ ಮುಖ.

"ಏನಮ್ಮಾ ಯಶೋದಾ, ಟಿವೀಲಿ ತೋರಿಸ್ತಾರಲ್ಲ, ಮನೆ ಯಜಮಾನನ್ನೇ ಹರಿದಾಕೋ ಜಾತಿ ಅಂತ. ಅದೇ ತಾನೇ ಇದು?"

"ಜಾತಿ ಅದೇ ಮೇಷ್ಟ್ರೇ. ರಾಟ್‌ವೀಲರ್ ಅಂತಾರೆ. ಆದ್ರೆ ಟಿವೀಲಿ ಬಂದಿದ್ದು ಬೇರೆ ನಾಯಿ, ಇದು ಬೇರೆ ನಾಯಿ."

"ಕಚ್ಚತ್ತೋ ಇಲ್ವೋ?"

ಯಶೋದಾ ಸುಳ್ಳು ಹೇಳುವವಳಲ್ಲ. "ನನಗೂ ಅದೇ ಕುತೂಹಲ ಮೇಷ್ಟ್ರೇ," ಎಂದಳು. ಆ ಮಾತಿಗೆ ಇನ್ನೆರಡು ಬಾಗಿಲು ಮುಚ್ಚಿಕೊಂಡವು.

ಕೊನೆಗೆ ಮೇಷ್ಟ್ರು ತೀರ್ಮಾನ ಹೇಳಿದರು. "ಮೂರು ವಾರ ಟೈಮು. ಹಿತ್ತಲಲ್ಲಿ ಕಟ್ಟಿರ್ಬೇಕು. ಮೂರನೇ ಭಾನುವಾರ ಸಾಯಂಕಾಲ ಬೇವಿನ ಕಟ್ಟೆ ಹತ್ರ ತಂದು ಎಲ್ಲರ ಮುಂದೆ ತೋರ್ಸು. ಹೇಳಿದ ಮಾತು ಕೇಳ್ತೈತೆ ಅಂದ್ರೆ ಇರ್ಲಿ. ಇಲ್ಲಾಂದ್ರೆ ಎಲ್ಲಿಂದ ತಂದ್ಯೋ ಅಲ್ಲಿಗೇ."

ಎಲ್ಲಿಂದ ತಂದಳೋ ಅಲ್ಲಿಗೆ ಅನ್ನುವುದು ಅಷ್ಟು ಸಲೀಸಾಗಿರಲಿಲ್ಲ. ಅದು ಯಶೋದಾಗೆ ಮಾತ್ರ ಗೊತ್ತಿತ್ತು.

ಅವಳಿಗೆ ಸಾಮಾನ್ಯವಾಗಿ ಬೀಳುತ್ತಿದ್ದುದು ಹೊಸದುರ್ಗದಿಂದ ಹೊಳಲ್ಕೆರೆ ಮೇಲೆ ಚಿತ್ರದುರ್ಗದ ರೂಟು. ಹೋದ ತಿಂಗಳು ಒಂದು ವಾರ ಹಿರಿಯೂರಿಗೆ ಹಾಕಿದ್ದರು. ಅಲ್ಲಿ ಹೈವೇ ಪಕ್ಕದಲ್ಲಿ ಮುಚ್ಚಿಹೋದ ಹೋಟೆಲೊಂದರ ಕಂಬಕ್ಕೆ ಈ ನಾಯಿಯನ್ನು ಯಾರೋ ಕಟ್ಟಿ ಹೋಗಿದ್ದರು. ಹೋಗುವಾಗ ನೋಡಿದಳು, ಬರುವಾಗ ನೋಡಿದಳು, ಮರುದಿನವೂ ನೋಡಿದಳು. ಬಸ್ಸು ನಿಧಾನವಾದಾಗ ಅದು ಒಂದೊಂದು ಕಿಟಕಿಯನ್ನೂ ಮುಂದಿನಿಂದ ಹಿಂದಿನವರೆಗೆ ಬಿಡದೆ ನೋಡುತ್ತಿತ್ತು, ಟಿಕೆಟ್ ತಗೊಳ್ಳದವರು ಯಾರಿದ್ದಾರೆ ಎಂದು ಅವಳು ನೋಡುವ ಹಾಗೆಯೇ. ಯಾರನ್ನು ಹುಡುಕುತ್ತಿದೆ ಇದು? ಮೂರನೇ ದಿನ ತಡೆಯಲಾರದೆ ಯಾರನ್ನೋ ಕೇಳಿ ನಂಬರ್ ಹಿಡಿದು ಸನೋಬರ್‌ಗೆ ಫೋನು ಮಾಡಿದಳು.

ಸನೋಬರ್ ಚಿತ್ರದುರ್ಗದ ಚಂದ್ರವಳ್ಳಿ ರಸ್ತೆಯಲ್ಲಿದ್ದುಕೊಂಡು, ಜನ ಬಿಟ್ಟುಹೋದ ನಾಯಿಗಳನ್ನು ಸಾಕುವ ಹೆಣ್ಣುಮಗಳು. ಅವಳ ಅಪ್ಪ ದಿಲಾವರ್ ಸಾಬರು ಹಾಸಿಗೆ ಹೊಲೆಯುತ್ತಿದ್ದ ಶೆಡ್ಡೇ ಈಗ ನಾಯಿಗಳ ಮನೆ. ಮೂಲೆಯಲ್ಲಿ ಉಳಿದ ಹತ್ತಿಯ ನಾರು ಇನ್ನೂ ಹಾರಾಡಿ ನಾಯಿಗಳ ಮೂಗಿಗೆ ಅಂಟಿಕೊಳ್ಳುತ್ತಿತ್ತು. ಕಂಬದಿಂದ ಬಿಡಿಸಿ ಅಲ್ಲಿಗೆ ತಂದ ಈ ನಾಯಿಗೆ ಶೇರು ಎಂದು ಹೆಸರಿಟ್ಟವರೂ ದಿಲಾವರ್ ಸಾಬರೇ. ಆಮೇಲೆ ಚಿತ್ರದುರ್ಗದಲ್ಲಿ ಬಸ್ಸು ನಿಂತಾಗಲೆಲ್ಲ ಊಟದ ಡಬ್ಬಿ ಹಿಡಿದು ಅಲ್ಲಿಗೇ ಹೋಗುವುದು ಯಶೋದಾಳ ರೂಢಿಯಾಯಿತು.

"ಅಕ್ಕಾ, ಇದನ್ನ ಯಾರೂ ಒಯ್ಯಲ್ಲ," ಎಂದಿದ್ದಳು ಸನೋಬರ್. "ಮುಖ ನೋಡಿಯೇ ಹಿಂದಕ್ಕೆ ಹೋಗ್ತಾರೆ. ಕೇಳ್ಕೊಂಡು ಬಂದವರು ಒಬ್ಬರೇ, ಹಿರಿಯೂರಿನ ಕಾಯಿ ವ್ಯಾಪಾರಿ ಉಗ್ರಪ್ಪನವರು. ಮಂಡಿಗೆ ಕಾವಲಿಗೆ ಬೇಕಂತೆ. ಹಗಲೆಲ್ಲ ಕತ್ತಲೆ ಕೋಣೇಲಿ ಚೈನು ಹಾಕಿ, ಒಂದೇ ಹೊತ್ತು ಊಟ ಹಾಕಿದ್ರೆ ಜನ ಕಂಡ್ರೆ ಉರಿದು ಬೀಳ್ತೈತಂತೆ. ಎರಡು ಸಲ ಇಲ್ಲ ಅಂದೆ. ನೀವು ಒಯ್ದು ವಾಪಸ್ ತಂದ್ರೆ ಮೂರನೇ ಸಲ ಇಲ್ಲ ಅನ್ನೋಕೆ ನನ್ನತ್ರ ಜಾಗ ಇಲ್ಲ ಅಕ್ಕಾ. ಒಂದೊಂದು ಗೂಡಲ್ಲಿ ಮೂರ್ಮೂರು ಅವೆ."

ಹೀಗೆ ಶೇರು ಬಂದದ್ದು. ಚಂದ್ರಕ್ಕನ ಬಾಯಲ್ಲಿ ಎರಡೇ ದಿನಕ್ಕೆ ಅದು ಶೇರಪ್ಪ ಆಯಿತು.

ಕಲಿಸುವುದು ಹೇಗೆ? ಮೊಬೈಲಿನಲ್ಲಿ ವಿಡಿಯೋಗಳಿದ್ದವು. ಬನಿಯನ್ನು ಬಿಗಿದುಕೊಂಡ ದಾಂಡಿಗನೊಬ್ಬ "ಸಿಟ್" ಅಂದರೆ ನಾಯಿ ಕೂರುತ್ತಿತ್ತು, "ಸ್ಟೇ" ಅಂದರೆ ಅಲ್ಲೇ ಇರುತ್ತಿತ್ತು. ಯಶೋದಾ ಹಿತ್ತಲಲ್ಲಿ ಮೊಬೈಲನ್ನು ಒಗೆಯುವ ಕಲ್ಲಿಗೆ ಒರಗಿಸಿಟ್ಟು, ಸೆರಗು ಸಿಕ್ಕಿಸಿಕೊಂಡು, "ಸಿಟ್ ಕಣಪ್ಪಾ... ಸಿಟ್ ಕಣೋ ಬಂಗಾರ..." ಎಂದು ನಾಲ್ಕು ದಿನ ಬೇಡಿಕೊಂಡಳು. ಶೇರಪ್ಪ ಅವಳ ಮುಖ ನೋಡಿತು, ಮೊಬೈಲು ನೋಡಿತು, ಆಮೇಲೆ ಬೇಲಿಯ ಕಡೆ ತಿರುಗಿತು.

"ಇಂಗ್ಲಿಷ್ ಮೀಡಿಯಂ ಅಲ್ಲ ಬಿಡು ಅದು," ಎಂದ ಕೊಟ್ರೇಶ, ಅಡುಗೆಮನೆಯ ಕಿಟಕಿಯಿಂದ. ಅವನು ಹಿತ್ತಲಿಗೆ ಇಳಿದು ನಾಲ್ಕು ದಿನವಾಗಿತ್ತು.

ಐದನೆಯ ದಿನ ಬೆಳಗಿನ ಜಾವ. ಡ್ಯೂಟಿಗೆ ಹೊತ್ತಾಗಿತ್ತು. ಕೊಟ್ರೇಶ ಬೈಕು ಹೊರಗೆ ತಂದು ಹಾರ್ನ್ ಹೊಡೆಯುತ್ತಿದ್ದ. ಖಾಕಿ ತೊಟ್ಟು, ಕೊರಳಿಗೆ ಸೀಟಿ ಹಾಕಿಕೊಂಡು, ಒಂದು ಸುತ್ತು ತಿರುಗಿಸಿಬಿಡೋಣ ಎಂದು ಯಶೋದಾ ನಾಯಿಯನ್ನು ಹೊರಗೆ ತಂದಳು. ಮೂಲೆಯಲ್ಲಿ ಹಸುವೊಂದು ಎದುರಾಯಿತು. ಶೇರಪ್ಪ ಜಗ್ಗಿದ ಜಗ್ಗಿಗೆ ಅವಳು ಎರಡು ಮಾರು ಜಾರಿದಳು. ಏನು ಮಾಡಬೇಕೆಂದು ಯೋಚಿಸಲಿಲ್ಲ. ಹದಿನಾರು ವರ್ಷದ ಅಭ್ಯಾಸ, ಕೈ ತಾನಾಗಿ ಸೀಟಿಯನ್ನು ಬಾಯಿಗಿಟ್ಟಿತು. ಒಂದೇ ಸೀಟಿ. ಹಿಂದೆಯೇ ಅರವತ್ತು ಜನರ ಗದ್ದಲದ ಮೇಲೆ ಡ್ರೈವರಿಗೆ ಮುಟ್ಟುವ ದನಿಯಲ್ಲಿ, "ಹೋಲ್ಡಾನ್!"

ಶೇರಪ್ಪ ನಿಂತಿತು. ಹಿಂದಿರುಗಿ ಅವಳನ್ನು ನೋಡಿತು. ಕೂತಿತು.

ಯಶೋದಾಗೆ ನಂಬಿಕೆ ಬರಲಿಲ್ಲ. ಹಸು ತನ್ನ ಪಾಡಿಗೆ ಹೋಯಿತು. ಅವಳು ಮೆಲ್ಲಗೆ ಎರಡು ಸೀಟಿ ಊದಿ, "ರೈಟ್, ರೈಟ್" ಎಂದು ಹೆಜ್ಜೆ ಹಾಕಿದಳು. ಅದು ಎದ್ದು ಪಕ್ಕದಲ್ಲಿ ಬಂತು. ಮತ್ತೆ ಒಂದು ಸೀಟಿ. ಕೂತಿತು. ಆ ದಿನ ಹೊಸದುರ್ಗದ ಮೊದಲ ಬಸ್ಸು ಎಂಟು ನಿಮಿಷ ತಡವಾಗಿ ಹೊರಟಿತು.

ಬಸ್ಸಿನಲ್ಲಿ ನಿಂತು ಅದನ್ನೇ ತಿರುವಿ ಹಾಕಿದಳು. ಮನೆಯಲ್ಲಿ ಬೇಡುವ ದನಿ ತನ್ನದು. ಬಸ್ಸಿನಲ್ಲಿ ಅನುಮಾನವೇ ಇಲ್ಲದ ದನಿ. ನಾಯಿಗೆ ಬೇಕಾಗಿದ್ದುದು ಇದೇ ಇರಬಹುದೇ? ಅಂದಿನಿಂದ ಹಿತ್ತಲು ಬಸ್ಸಾಯಿತು. "ಮುಂದಕ್ಕೆ ಬರ್ರಿ," "ಅಲ್ಲೇ ಕುಂತ್ಕಳ್ರಿ," "ದಾರಿ ಬಿಡ್ರಿ." ಮಾತು ಕೇಳಿದಾಗಲೆಲ್ಲ ಬೇಯಿಸಿದ ಮೊಟ್ಟೆಯ ಒಂದು ಚೂರು.

"ಹತ್ತೊಂಬತ್ತು ವರ್ಷ ಆತು ಮದುವೆಯಾಗಿ," ಎಂದ ಕೊಟ್ರೇಶ, ಈಗ ಕಿಟಕಿ ಬಿಟ್ಟು ಬಾಗಿಲವರೆಗೆ ಬಂದಿದ್ದವನು. "ನನಗೆ ಒಂದಿನ ಕುಂತ್ಕಳ್ರಿ ಅಂದಿಲ್ಲ ನೀನು."

"ನೀವು ಒಂದ್ ಸೀಟಿಗೆ ಕೂರ್ತೀರಾ ಹೇಳ್ರಿ, ಅಂತೀನಿ."

ಅವಳಿಗೆ ಪುರುಸೊತ್ತು ಸಿಗುತ್ತಿದ್ದುದು ಊರಿಗೆ ಮೊದಲ ಬಸ್ಸು ಬರುವುದಕ್ಕೆ ಮುಂಚೆ, ಇಲ್ಲವೇ ಕೊನೆಯದು ಹೋದ ಮೇಲೆ. ಆ ದಿನಗಳಲ್ಲಿ ಬದಲಿ ಜನ ಸಾಲದೆ ವಾರದ ರಜೆಯೂ ಸಿಗಲಿಲ್ಲ. ಹಗಲು ಶೇರಪ್ಪನನ್ನು ನೋಡಿಕೊಂಡವಳು ಚಂದ್ರಕ್ಕ. ಒಂದು ಸಂಜೆ ಅವಳು, "ನಿನ್ ಶೇರಪ್ಪಂಗೆ ಹೊಟ್ಟೆ ನೆಟ್ಟಗಿಲ್ಲ ಕಣೇ," ಎಂದಳು. "ಹಗಲೆಲ್ಲ ಎದ್ದು ಕೂತು, ಎದ್ದು ಕೂತು ಮಾಡ್ತೈತೆ. ಹಗ್ಗದ ತುದಿಗಂಟ ಹೋಗಿ ನಿಂತ್ಕಳ್ತೈತೆ. ಓಂಕಾಳು ಕುದ್ಸಿ ನೀರು ಕುಡ್ಸೀನಿ."

"ಕುಡೀತಾ ಅತ್ತೆ?"

"ಮೂಗು ಹಿಡಿದು ಕುಡ್ಸಿದೆ. ಪಾಪ, ಕೊಟ್ರನಷ್ಟು ಹಟ ಮಾಡ್ಲಿಲ್ಲ."

ಆ ಕರೀ ಬಾಯಿಯೊಳಗೆ ಅತ್ತೆ ಕೈ ಹಾಕಿದ್ದನ್ನು ಕೇಳಿ ಯಶೋದಾ ಎಷ್ಟು ಹಿಗ್ಗಿದಳೆಂದರೆ, ಹೊಟ್ಟೆನೋವಿನ ಮಾತು ಅಲ್ಲಿಗೇ ಮರೆತುಹೋಯಿತು.

ಮೂರನೇ ಭಾನುವಾರ ಸಂಜೆ ಬೇವಿನ ಕಟ್ಟೆಯ ಸುತ್ತ ಬೀದಿಗೆ ಬೀದಿಯೇ ಸೇರಿತ್ತು. ಮಕ್ಕಳನ್ನು ಕಟ್ಟೆಯ ಮೇಲೆ ಹತ್ತಿಸಿ ಹೆಂಗಸರು ಮುಂದೆ ನಿಂತಿದ್ದರು. ಮೇಷ್ಟ್ರು ಕಟ್ಟೆಯ ಅಂಚಿನಲ್ಲಿ ಊರುಗೋಲು ಅಡ್ಡ ಇಟ್ಟುಕೊಂಡು ಕೂತಿದ್ದರು. ಆ ದಿನಕ್ಕೆ ಡ್ಯೂಟಿ ಬದಲಿಸಿಕೊಂಡಿದ್ದ ಯಶೋದಾ ಒಂದು ಸೀಟಿ ಊದಿದಳು. ಶೇರಪ್ಪ ಕೂತಿತು. ಎರಡು ಸೀಟಿಗೆ ಎದ್ದು ಜೊತೆಯಲ್ಲಿ ನಡೆಯಿತು. ಮತ್ತೆ ಒಂದಕ್ಕೆ ಕೂತಿತು. ಕೋಳಿಯೊಂದು ಅದರ ಮೂಗಿನ ಮುಂದೆಯೇ ದಾಟಿತು; ಕಣ್ಣು ಹೊರಳಿತೇ ಹೊರತು ಮೈ ಅಲುಗಲಿಲ್ಲ. ಯಾರೋ ಚಪ್ಪಾಳೆ ತಟ್ಟಿದರು.

"ನೀನು ಜೊತೆಗಿದ್ರೆ ಸೈ," ಎಂದರು ಮೇಷ್ಟ್ರು. "ಹಗ್ಗ ನೆಲಕ್ಕೆ ಬಿಟ್ಟು ದೂರ ಹೋಗು ನೋಡಾಣ."

ಯಶೋದಾ ಹಗ್ಗ ಬಿಟ್ಟು ಹದಿನೈದು ಹೆಜ್ಜೆ ಹಿಂದಕ್ಕೆ ಸರಿದಳು. ಶೇರಪ್ಪ ಕೂತೇ ಇತ್ತು. ಒಂದು ನಿಮಿಷ, ಎರಡು ನಿಮಿಷ. ಮಕ್ಕಳ ಪಿಸುಮಾತೂ ನಿಂತಿತು. ಮೂಲೆಯಾಚೆ ರಸ್ತೆಯಲ್ಲಿ ಐದೂ ಮುಕ್ಕಾಲರ ಬಸ್ಸು ಬಂತು, ನಿಂತಿತು, ಜನ ಇಳಿದರು, ಬಸ್ಸು ಹೊರಟಿತು. ದಿನಾ ಬರುವ ಬಸ್ಸು. ಯಾರೂ ಅತ್ತ ತಿರುಗಲಿಲ್ಲ.

ಶೇರಪ್ಪ ಎದ್ದಿತು. ಬೊಗಳಲಿಲ್ಲ, ಓಡಲಿಲ್ಲ. ಹಗ್ಗ ಎಳೆದುಕೊಂಡು ನೆಟ್ಟಗೆ ಕಟ್ಟೆಯ ಕಡೆಗೆ ನಡೆಯತೊಡಗಿತು. ಒಬ್ಬಳು ಚೀರಿದಳು. ಮಕ್ಕಳು ಬೇವಿನ ಬುಡಕ್ಕೆ ಅಂಟಿಕೊಂಡರು. ಮೇಷ್ಟ್ರು ಊರುಗೋಲು ಎತ್ತಿ ಕಟ್ಟೆಯ ಮೇಲೆ ಎದ್ದು ನಿಲ್ಲಲು ಹೋಗಿ, ಕಾಲು ತಪ್ಪಿ, ದೊಪ್ಪನೆ ನೆಲಕ್ಕೆ ಬಿದ್ದರು. ಯಶೋದಾಳ ಒಣಗಿದ ಬಾಯಿಂದ ಸೀಟಿ ಹೊರಡುವಷ್ಟರಲ್ಲಿ ನಾಯಿ ಅವರ ತಲೆಯ ಬಳಿ ತಲುಪಿತ್ತು. ಸೀಟಿ ಕೇಳಿದ್ದೇ ಅಲ್ಲೇ ಕೂತು, ಮೊಟ್ಟೆ ಚೂರಿಗೆ ಕಾಯುವಂತೆ ಮೇಷ್ಟ್ರ ಮುಖವನ್ನೇ ನೋಡತೊಡಗಿತು.

"ನೋಡಿದ್ರಾ! ಇನ್ನೊಂದ್ ಚೂರು ಆಗಿದ್ರೆ ಕುತ್ತಿಗೆಗೇ ಬಾಯಿ ಹಾಕ್ತಿತ್ತು!" ಗುಂಪಿನಲ್ಲಿ ಯಾರೋ ಕೂಗಿದರು.

ಮೇಷ್ಟ್ರ ಮೊಣಕೈ ಕಿತ್ತು ರಕ್ತ ಸೋರುತ್ತಿತ್ತು. ಅವರು ಯಾರನ್ನೂ ಬೈಯಲಿಲ್ಲ. ಪಂಚೆ ಕೊಡವಿಕೊಂಡು, "ಆತಲ್ಲಮ್ಮಾ," ಎಂದರು, ಅಷ್ಟೇ. ಆ ಒಂದೇ ಮಾತಿಗೆ ಯಶೋದಾ ತಲೆ ತಗ್ಗಿಸಿದಳು.

ಮನೆಗೆ ಬಂದು ಸನೋಬರ್‌ಗೆ ಫೋನು ಮಾಡಿದಳು. ಆ ಕಡೆ ನಾಯಿಗಳ ಸದ್ದಿನ ನಡುವೆ ಸನೋಬರ್, "ಉಗ್ರಪ್ಪನವರಿಗೆ ಹೇಳ್ತೀನಿ ಅಕ್ಕಾ. ಶುಕ್ರವಾರ ಅವರ ಗಾಡಿ ನಿಮ್ಮೂರ ಕಡೆಗೇ ಕಾಯಿಗೆ ಬರ್ತೈತೆ," ಎಂದಳು.

ಎದ್ದದ್ದು ಯಾಕೆ? ಸೋಮವಾರ ಟಿಕೆಟ್ ಕೊಡುತ್ತ ಯಶೋದಾಳ ತಲೆಯಲ್ಲಿ ಅದೊಂದೇ. ಕಚ್ಚಬೇಕೆಂದಿದ್ದರೆ ಓಡಬೇಕಿತ್ತು. ಹೆದರಿದ್ದರೆ ತನ್ನ ಕಡೆಗೆ ಬರಬೇಕಿತ್ತು. ಎದ್ದು, ಜವಾಬ್ದಾರಿ ಇದ್ದವರ ಹಾಗೆ, ನೆಟ್ಟಗೆ ಮುಂದಕ್ಕೆ ನಡೆದದ್ದು ಯಾಕೆ?

ಹೊಳಲ್ಕೆರೆಯಲ್ಲಿ ಬಸ್ಸು ತುಂಬಿತು. ಮುಂದಿನ ಸೀಟಿನಲ್ಲಿ ರುಮಾಲಿನ ಮುದುಕನೊಬ್ಬ ಬಾಯಿ ತೆರೆದುಕೊಂಡು ಗಾಢ ನಿದ್ದೆಯಲ್ಲಿದ್ದ. ಯಶೋದಾ ಬಾಗಿಲು ಎಳೆದು ಎರಡು ಸೀಟಿ ಊದಿದಳು. ಮುದುಕನಿಗೆ ಎಚ್ಚರವಾಗಲಿಲ್ಲ; ಆದರೆ ಅವನ ಬಲಗೈ ಮಾತ್ರ ಮೇಲೆದ್ದು, ಮುಂದಿನ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ಆಮೇಲೆ ಬಸ್ಸು ಕುಲುಕಿ ಮುಂದಕ್ಕೆ ಹೋಯಿತು.

ಯಶೋದಾ ಆ ಕೈಯನ್ನೇ ನೋಡಿದಳು. ಐದೂ ಮುಕ್ಕಾಲರ ಬಸ್ಸು. ಅದಕ್ಕೂ ಒಬ್ಬ ಕಂಡಕ್ಟರ್. ಅವನ ಕೊರಳಲ್ಲೂ ಇಂಥದೇ ಸೀಟಿ. ದಿನವಿಡೀ ಊರಿಗೆ ಬರುವ ಬಸ್ಸೆಲ್ಲ ಒಂದು ಸೀಟಿಗೆ ನಿಂತು ಎರಡಕ್ಕೆ ಹೊರಡುತ್ತವೆ. ದಿನವಿಡೀ ಹಿತ್ತಲಲ್ಲಿ ಶೇರಪ್ಪ ಕೂತು, ಎದ್ದು, ಹಗ್ಗದ ತುದಿಯವರೆಗೆ ನಡೆದು... "ಅಯ್ಯೋ, ಓಂಕಾಳು ನೀರು!" ಎಂದು ಅವಳು ಬಸ್ಸಿನ ನಡುವೆ ನಿಂತು ನಗತೊಡಗಿದಳು. ಕಣ್ಣಲ್ಲಿ ನೀರು ಬಂತು.

"ಏನ್ ಕಂಡಕ್ಟರಮ್ಮಾ," ಎಂದ ಹಿಂದಿನ ಸೀಟಿನವನೊಬ್ಬ, "ಕಡೆಗೂ ಚಿಲ್ಲರೆ ಸಿಕ್ತಾ?"

ಸಂಜೆ ಮೇಷ್ಟ್ರ ಮನೆಯ ಬಾಗಿಲಲ್ಲಿ ನಿಂತು ಎಲ್ಲ ಹೇಳಿದಳು. ಅರಿಸಿನ ಹಚ್ಚಿದ ಮೊಣಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಅವರು ಕೇಳಿದರು.

"ಅಂದ್ರೆ, ಬಸ್ಸು ಹೊರಡ್ಲಿ ಅಂತ ಅವನು ಊದಿದ್ದಕ್ಕೆ ಇದು ನನ್ ಮೇಲೆ ಬಂತು ಅಂತೀಯ?"

"ನಿಮ್ ಮೇಲೆ ಬರ್ಲಿಲ್ಲ ಮೇಷ್ಟ್ರೇ. ಮುಂದಕ್ಕೆ ಹೋತು. ಮುಂದೆ ನೀವಿದ್ರಿ. ತಪ್ಪು ಅದರದ್ದಲ್ಲ, ನನ್ದು. ಊರಿಗೆಲ್ಲ ಕೇಳೋ ಸೀಟಿನ ನಾನು ಅದಕ್ಕೊಂದಕ್ಕೇ ಅನ್ಕೊಂಡೆ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. "ಗಂಟೆ ಹೊಡೆದು ಹೊಡೆದು ಊಟ ಹಾಕಿದ್ರೆ, ಆಮೇಲೆ ಬರೀ ಗಂಟೆಗೇ ನಾಯಿ ಬಾಯಲ್ಲಿ ನೀರು ಬರ್ತೈತೆ ಅಂತ ಮೂವತ್ತು ವರ್ಷ ಪಾಠ ಹೇಳೀನಿ ಕಣಮ್ಮ. ನಿನ್ ಗಂಡನಿಗೂ ಹೇಳೀನಿ, ಅವನ ತಲೆಗೆ ಹತ್ಲಿಲ್ಲ. ಬೋರ್ಡ್ ಮೇಲೆ ನಾಯಿ ಬರೀತಿದ್ದೆ. ಕಣ್ಣಾರೆ ಒಂದು ಸಲಾನೂ ನೋಡ್ಲಿಲ್ಲ." ಎದ್ದು ಗೋಡೆಯ ಗೂಡಿನಿಂದ ಹಳೆಯ ನೋಟ್‌ಬುಕ್ಕೊಂದನ್ನು ಹುಡುಕಿ ತೆಗೆದರು. "ನಾಳೆ ಬಸ್ ಸ್ಟಾಪಿಗೇ ತರ್ಸು. ಗಟ್ಟಿ ಹಗ್ಗ ಹಾಕಿ."

ಮಂಗಳವಾರ ಯಶೋದಾ ಡ್ಯೂಟಿಯಲ್ಲಿದ್ದಳು. ಕೊಟ್ರೇಶ ಗಿರಣಿಗೆ ಬೀಗ ಹಾಕಿ, ದೇವರಿಗೆ ಕೈಮುಗಿದು, ಮೊದಲ ಬಾರಿಗೆ ಹಗ್ಗ ಹಿಡಿದ. ಆಮೇಲಿನದನ್ನೆಲ್ಲ ಅವಳು ಫೋನಿನಲ್ಲೇ ಕೇಳಿದಳು. ನಾಯಿಯನ್ನು ಸ್ಟಾಪಿನ ಕಂಬಕ್ಕೆ ಕಟ್ಟಿದರಂತೆ. ಮೇಷ್ಟ್ರು ಮೊದಲು ರಸ್ತೆಯ ಆಚೆ ಬದಿ ಕುರ್ಚಿ ಹಾಕಿಸಿಕೊಂಡರಂತೆ. ಎರಡು ಬಸ್ಸು ಹೋದ ಮೇಲೆ, ಸರಿಯಾಗಿ ಕಾಣುವುದಿಲ್ಲವೆಂದು ಈಚೆ ಬಂದರಂತೆ. ನಾಲ್ಕನೆಯ ಬಸ್ಸಿನ ಹೊತ್ತಿಗೆ ನಾಯಿಯ ಪಕ್ಕದ ಕಲ್ಲು ಬೆಂಚಿನ ಮೇಲೇ ಕೂತಿದ್ದರಂತೆ.

"ಏಳು ಬಸ್ಸು," ಎಂದು ಸಂಜೆ ಮೇಷ್ಟ್ರೇ ಫೋನು ಕಿತ್ತುಕೊಂಡು ಹೇಳಿದರು. "ಆರು ಬಸ್ಸಿಗೂ ಎದ್ದ. ಏಳನೇದು ಪ್ರೈವೇಟು, ಅವನು ಸೀಟಿ ಊದ್ಲಿಲ್ಲ, ಬಾಡಿ ಬಡಿದು ರೈಟ್ ಅಂದ. ಶೇರಪ್ಪ ಕದಲ್ಲಿಲ್ಲ! ಏನ್ ಚೆಂದ ಕಣಮ್ಮ!" ಅಷ್ಟರಲ್ಲಿ ದನಿ ಇಳಿಯಿತು. "ಆದ್ರೆ ಕಾರಣ ಗೊತ್ತಾದ್ರೆ ನಂಗೆ ಸಾಕು, ಬೀದಿಯವರಿಗೆ ಸಾಲ್ದು. ಬಸ್ಸು ಬಂದಾಗೆಲ್ಲ ಎದ್ದು ಹೊರಡೋ ನಾಯಿನ ಯಾರು ಇಟ್ಕಂತಾರೆ? ಎರಡು ಸೀಟಿಗೂ ಕೂತಿರೋದು ಕಲೀಬೇಕು. ಶುಕ್ರವಾರದೊಳಗೆ."

ಬುಧವಾರ, ಗುರುವಾರ ಮೇಷ್ಟ್ರು ಮಧ್ಯಾಹ್ನದ ನಿದ್ದೆ ಬಿಟ್ಟರು. ಕಲಿಸಿದ ಪಾಠವನ್ನು ಮರೆಸುವುದು ಹೊಸದನ್ನು 
ಕಲಿಸುವುದಕ್ಕಿಂತ ಕಷ್ಟವೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಲಿಂಗ ಕಟ್ಟಿದ ಮೈ, ಮೊಟ್ಟೆ ಮುಟ್ಟುವಂತಿಲ್ಲ. ಕೊಬ್ಬರಿ ಹೆಚ್ಚಿ ಜೇಬಿಗೆ ಹಾಕಿಕೊಂಡು ಬರುತ್ತಿದ್ದರು. ಎರಡು ಸೀಟಿ ಕೇಳಿಯೂ ಕೂತಿದ್ದರೆ ಒಂದು ಚೂರು. ಬುಧವಾರ ಒಂದೇ ಒಂದು ಚೂರು ಖರ್ಚಾಯಿತು. ಗುರುವಾರ ಐದು. ಸ್ಟಾಪಿನಲ್ಲಿ ಬಸ್ಸಿಗೆ ಕಾಯುವವರು ಹತ್ತು ಮಾರು ದೂರದಿಂದ ಐದು ಮಾರಿಗೆ ಬಂದರು. ಬಂದವರೆಲ್ಲ ಒಂದೊಂದು ಸಲಹೆ ಕೊಟ್ಟರು.

"ಇನ್ನೊಂದೈತೆ," ಎಂದರು ಮೇಷ್ಟ್ರು ಗುರುವಾರ ಸಂಜೆ, ಯಶೋದಾಳ ಜಗುಲಿಯ ಮೇಲೆ ಕೂತು. "ಇವೆಲ್ಲ ಬೇರೆಯವರ ಸೀಟಿ. ನಿನ್ ಸೀಟಿಗೆ ಏನ್ ಮಾಡ್ತಾನೆ? ಅದನ್ನ ನೋಡದೆ ನಾನು ಬೀದಿಯವರಿಗೆ ಮಾತು ಕೊಡಲ್ಲ. ಉಗ್ರಪ್ಪನೂ ಇರ್ಲಿ, ಎಲ್ಲರೂ ಇರ್ಲಿ. ಕೂತ್ರೆ ಇಲ್ಲೇ ಇರ್ತಾನೆ. ಎದ್ರೆ ಗಾಡಿ ಅಲ್ಲೇ ಇರ್ತೈತೆ."

ಯಶೋದಾ ಡಿಪೋಗೆ ಫೋನು ಮಾಡಿ, ಶುಕ್ರವಾರಕ್ಕೆ ಶ್ರೀರಾಂಪುರದ ಮೇಲೆ ಹುಳಿಯಾರಿಗೆ ಹೋಗುವ ಟ್ರಿಪ್ಪನ್ನು ಕೇಳಿ ಹಾಕಿಸಿಕೊಂಡಳು.

ಹನ್ನೊಂದು ಗಂಟೆಗೆ ಬಸ್ಸು ಊರೊಳಗೆ ತಿರುಗಿದಾಗ ಸ್ಟಾಪಿನಲ್ಲಿ ಜನವೋ ಜನ. ಪಕ್ಕದಲ್ಲಿ ಅರ್ಧ ಕಾಯಿ ತುಂಬಿದ ಪಿಕಪ್ ಗಾಡಿ. ಅದಕ್ಕೆ ಒರಗಿ ಬಿಳೀ ಅಂಗಿಯ ದಪ್ಪ ಮನುಷ್ಯ, ಕೈಯಲ್ಲಿ ಹೊಳೆಯುವ ಹೊಸ ಚೈನು. ಕಲ್ಲು ಬೆಂಚಿನ ಮೇಲೆ ಮೇಷ್ಟ್ರು. ಅವರ ಕಾಲ ಬಳಿ ಶೇರಪ್ಪ. ಹಗ್ಗ ಕಂಬಕ್ಕೂ ಕಟ್ಟಿರಲಿಲ್ಲ, ಯಾರ ಕೈಯಲ್ಲೂ ಇರಲಿಲ್ಲ. ನೆಲದ ಮೇಲೆ ಬಿದ್ದಿತ್ತು. ಕೊಟ್ರೇಶನ ಪಕ್ಕದಲ್ಲಿ ಚಂದ್ರಕ್ಕ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

ಒಂದು ಸೀಟಿ. ಬಸ್ಸು ನಿಂತಿತು. ಬಾಗಿಲಲ್ಲಿ ಯಶೋದಾಳನ್ನು ಕಂಡದ್ದೇ ನಾಯಿಯ ಕಿವಿಗಳು ಮುಂದಕ್ಕೆ ಬಂದವು. ಇಡೀ ಮೈ ಅವಳ ಕಡೆ ತಿರುಗಿತು. ಮೂವರು ಇಳಿದರು, ಇಬ್ಬರು ಹತ್ತಿದರು.

ಡ್ರೈವರ್ ಜುಂಜೇಶನಿಗೆ ದಾರಿಯಲ್ಲೇ ಎಲ್ಲ ಹೇಳಿದ್ದಳು. ಅವನು ಸೀಟಿನಿಂದಲೇ ತಿರುಗಿ, ದನಿ ತಗ್ಗಿಸಿ, "ಅಕ್ಕಾ, ಊದಬ್ಯಾಡ್ರಿ," ಎಂದ. "ಬಾಡಿ ಬಡೀರಿ ಸಾಕು, ನಾನು ಹೊಂಟ್ ಬಿಡ್ತೀನಿ. ಬಾಯಿ ಒಣಗಿತ್ತು ಅಂತ ಆಮೇಲೆ ಹೇಳಿದ್ರಾತು. ಒಂದ್ ಜೀವದ ಪ್ರಶ್ನೆ."

ಅವಳ ಅಂಗೈ ಬಸ್ಸಿನ ತಗಡಿನ ಮೇಲೆ ಹೋಗಿ ನಿಂತಿತು. ಬಿಸಿಲಿಗೆ ಕಾದ ತಗಡು. ಬಡಿದರೆ ಆಯಿತು. ಯಾರು ಕೇಳುತ್ತಾರೆ? ಬೆಂಚಿನ ಕಡೆ ನೋಡಿದಳು. ಮೇಷ್ಟ್ರು ಎರಡೂ ಕೈಗಳನ್ನು ತಮ್ಮ ತೊಡೆಯ ಮೇಲೆ, ಎಲ್ಲರಿಗೂ ಕಾಣುವಂತೆ ಇಟ್ಟುಕೊಂಡಿದ್ದರು. ನಾಯಿಯನ್ನು ಮುಟ್ಟಿರಲಿಲ್ಲ. ಅವರು ಅವಳ ಕಡೆಗೆ ಗದ್ದ ಎತ್ತಿದರು, ಕ್ಲಾಸಿನಲ್ಲಿ ಉತ್ತರ ಗೊತ್ತಿರುವ ಹುಡುಗಿಯನ್ನು ಎಬ್ಬಿಸುವ ಹಾಗೆ.

ಯಶೋದಾ ತಗಡಿನಿಂದ ಕೈ ತೆಗೆದಳು. ಸೀಟಿ ಬಾಯಿಗಿಟ್ಟು, ದಿನಾ ಊದುವಷ್ಟೇ ಜೋರಾಗಿ, ಎರಡು ಸಲ ಊದಿದಳು.

ಶೇರಪ್ಪನ ಹೆಗಲಿನ ಚರ್ಮ ನಡುಗಿತು. ಹಿಂಭಾಗ ನೆಲದಿಂದ ಒಂದು ಬೆರಳಿನಷ್ಟು ಎದ್ದಿತು. ಅಷ್ಟು ಕಂಡದ್ದೇ ಅವಳಿಗೆ ಮುಂದೆ ನೋಡಲಾಗಲಿಲ್ಲ. ಬಾಗಿಲು ಎಳೆದುಕೊಂಡು ರಸ್ತೆಗೆ ಬೆನ್ನು ಹಾಕಿ, ಕಂಬಿ ಹಿಡಿದು, ಬಸ್ಸಿನ ಒಳಗೆ ಮುಖ ಮಾಡಿ ನಿಂತಳು. ಜುಂಜೇಶ ಗೇರು ಹಾಕಿದ. ಬಸ್ಸು ಕುಲುಕಿತು.

ಎಡಗಡೆಯ ಕಿಟಕಿಗಳಲ್ಲಿದ್ದವರೆಲ್ಲ ಹೊರಗೆ ನೋಡುತ್ತಿದ್ದರು. ಸೇವಂತಿಗೆ ಹೂವಿನ ಚೀಲ ಮಡಿಲಲ್ಲಿಟ್ಟುಕೊಂಡ ಹೆಂಗಸು, ಬಾಯಿ ತೆರೆದ ಸೊಪ್ಪಿನ ಮುದುಕಿ, ಇಯರ್‌ಫೋನ್ ಕಿತ್ತು ಕೈಯಲ್ಲಿ ಹಿಡಿದ ಕಾಲೇಜು ಹುಡುಗಿ. ಯಶೋದಾ ಅವರ ಮುಖಗಳನ್ನೇ ನೋಡುತ್ತ ನಿಂತಳು. ಬಸ್ಸು ಮುಂದೆ ಸಾಗಿತು. ಆ ತಲೆಗಳೆಲ್ಲ, ಹೇಳಿಕೊಟ್ಟ ಹಾಗೆ ಒಟ್ಟಾಗಿ, ಮೆಲ್ಲಮೆಲ್ಲಗೆ ಹಿಂದಕ್ಕೆ, ಇನ್ನೂ ಹಿಂದಕ್ಕೆ ತಿರುಗುತ್ತಿದ್ದವು, ಬೆಂಚಿನ ಬಳಿ ಕೂತಲ್ಲೇ ಕೂತಿದ್ದ ಒಂದನ್ನೇ ನೋಡುತ್ತ.